ಕನ್ಯೆ ಕೇಳಿದ ಡ್ರಿಫ್ಟ್ ಪ್ರಶ್ನೆ

ಹೂಂ ಅಂದಳು! ನಮ್ಮ ನೀಲಾ ಹೂಂ ಅಂದಳು!

ಎರಡು ಸಲ ಬರೆದಿದ್ದೇನೆ ಅಂತ ಸಂಪಾದಕರು ಒಂದನ್ನು ಹೊಡೆದು ಹಾಕಬಾರದು. ಇನ್ನೂ ಹತ್ತು ಸಲ ಬರೆಯುವ ಹುಮ್ಮಸ್ಸಿದೆ, ಜಾಗ ಸಾಲದು ಅಂತ ತಡೆದುಕೊಂಡಿದ್ದೇನೆ. ನನ್ನ ಮೊಮ್ಮಗಳ ಮದುವೆ ಗಟ್ಟಿಯಾಯಿತು. ಹುಡುಗ ಮುಂಡರಗಿಯವನು. ಹೆಸರು ವೀರೇಶ. ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಎದುರು ಮನೆಯವರಿಗೆ ಎರಡು ಸಲ ಹಂಚಿದೆನಂತೆ, ನನಗೆ ನೆನಪಿಲ್ಲ. ಪೇಪರಿನಲ್ಲಿ ನಿಮಗೆ ಸಕ್ಕರೆ ಹಂಚುವುದು ಹೇಗೆ? ಅದಕ್ಕೇ ಕಥೆ ಹಂಚುತ್ತೇನೆ.

ಇಷ್ಟಕ್ಕೂ ಅವಳು ಹೂಂ ಅಂದದ್ದು ಯಾರಿಗೆ ಗೊತ್ತೇ? ತಾನು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವನಿಗೆ!

ಪ್ರಶ್ನೆ ಇದು: ಆಲ್ ವ್ಹೀಲ್ ಡ್ರೈವ್ ಸ್ಪೋರ್ಟ್ಸ್ ಕಾರು ಡ್ರಿಫ್ಟ್ ಆಗುತ್ತದೆಯೋ, ಇಲ್ಲವೋ?

ಗಾಬರಿಯಾಗಬೇಡಿ. ಮೊದಲ ಸಲ ಕೇಳಿದಾಗ ನಾನೂ ಅಕ್ಕಿ ಆರಿಸುವುದನ್ನು ಬಿಟ್ಟು ಬಾಯಿ ತೆರೆದು ಕುಳಿತಿದ್ದೆ. ನಾಲ್ಕನೇ ಇಯತ್ತೆಗೇ ಪಾಟಿಚೀಲ ಗೂಟಕ್ಕೆ ಹಾಕಿದವಳು ನಾನು. ನೀಲಾ ಹಾಗಲ್ಲ. ನನ್ನ ಮಗ ಬಸವರಾಜನ ಒಬ್ಬಳೇ ಮಗಳು, ಆಟೊಮೊಬೈಲ್ ಡಿಪ್ಲೊಮಾ ಓದಿದ್ದಾಳೆ. ಗದಗಿನ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಕೆಲಸ. ದಿನಾ ಲಕ್ಷ್ಮೇಶ್ವರ-ಗದಗ ಅಪ್‌ಡೌನ್. ಸಂಜೆ ಬಂದವಳು ನನ್ನ ಪಕ್ಕ ಕುಳಿತು ಮೊಬೈಲಿನಲ್ಲಿ ಕಾರುಗಳ ವಿಡಿಯೊ ನೋಡುತ್ತಾಳೆ. ಬೇರೆ ಅಜ್ಜಿಯರು ಮೊಮ್ಮಕ್ಕಳ ಜೊತೆ ಧಾರಾವಾಹಿ ನೋಡುತ್ತಾರೆ. ನಾನು ಟೈರಿನ ಹೊಗೆ ನೋಡುತ್ತೇನೆ.

ಡ್ರಿಫ್ಟ್ ಅಂದರೆ ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕಂತಲೇ ಜಾರಿಸಿ, ಕಾರನ್ನು ಓರೆಯಾಗಿ ಓಡಿಸುವುದು. ಮುಖ ಮುಂಡರಗಿ ಕಡೆ, ಓಟ ಶಿರಹಟ್ಟಿ ಕಡೆ! ನೋಡಿದವರಿಗೆ ಕಾರು ಕೈ ತಪ್ಪಿತು ಅನಿಸಬೇಕು, ಓಡಿಸುವವರ ಕೈಯಲ್ಲಿ ಅದು ಇರಬೇಕು. ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಮಾತ್ರ ಹೋಗುವ ಕಾರಿನಲ್ಲಿ ಇದು ಸಲೀಸಂತೆ. ನಾಲ್ಕೂ ಗಾಲಿಗೆ ಬಲ ಹಂಚಿಹೋಗುವ ಕಾರು ಮಾತ್ರ ನೆಲವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದು ಜಾರುತ್ತದೆಯೇ? ಇದರ ಮೇಲೆ ಕಾರಿನ ಹುಚ್ಚಿರುವವರೆಲ್ಲ ಮೊಬೈಲಿನಲ್ಲಿ ಕೈ ಕೈ ಮಿಲಾಯಿಸುತ್ತಾರೆ. (ಮೊಬೈಲಿನಲ್ಲಿ ಕೈ ಮಿಲಾಯಿಸುವುದು ಹೇಗೆ ಅಂತ ನನ್ನನ್ನು ಕೇಳಬೇಡಿ.)

ಅವರು ಜಗಳವಾಡಲಿ, ನಮಗೇನು? ಆದರೆ ನಮ್ಮ ಹುಡುಗಿ ಅದನ್ನೇ ಕನ್ಯಾ ನೋಡಲು ಬಂದ ವರಗಳಿಗೆ ಕೇಳತೊಡಗಿದಳು.

ಬೆಟಗೇರಿಯಿಂದ ಬಂದ ಹುಡುಗ ಚಲೋ ಇದ್ದ. ಪ್ರಶ್ನೆ ಕೇಳಿದ ಕೂಡಲೇ ಚಹಾದ ಕಪ್ಪು ಕೆಳಗಿಟ್ಟು, ಟೀಪಾಯಿಯ ಅಡಿಯಲ್ಲಿ ಮೊಬೈಲ್ ಒತ್ತಿದ. ಎಲ್ಲಿ ಒತ್ತಿದನೋ ಏನೋ, ಫೋನು ಹೆಣ್ಣಿನ ದನಿಯಲ್ಲಿ ಗಟ್ಟಿಯಾಗಿ ಉತ್ತರ ಹೇಳಿಬಿಟ್ಟಿತು! ನೀಲಾ ತಣ್ಣಗೆ ಕೇಳಿದಳು, “ಹಂಗಾರ ನಾ ಅಕೀನ್ನ ಮದವಿ ಆಗ್ಲೇನ್ರಿ?”

ಶಿರಹಟ್ಟಿಯ ಹುಡುಗ ನಕ್ಕುಬಿಟ್ಟ. “ಅದನ್ನ ತಿಳ್ಕೊಂಡು ನೀವೇನು ಮಾಡ್ತೀರಿ? ಮದವಿ ಆದ ಮ್ಯಾಲೆ ಗಾಡಿ ನಾ ಓಡಸ್ತೇನಿ. ನೀವು ಬಾಜೂಕ ಆರಾಮ ಕುಂಡ್ರಿ” ಅಂದ. ಪಾಪ, ಅವನ ತಾಟಿನಲ್ಲಿ ಶಿರಾ ಇನ್ನೂ ಅರ್ಧ ಇತ್ತು. ನೀಲಾ ತಾಟು ಎತ್ತಿಕೊಂಡು ಒಳಗೆ ನಡೆದಳು.

ಮುಂಡರಗಿಯವರು ಬರುತ್ತಾರೆ ಅಂತ ಗೊತ್ತಾದಾಗ ಬಸವರಾಜ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡ.

“ಈ ಸಲ ಕಾರಿನ ಸುದ್ದಿ ತಗದೀ ಅಂದ್ರ, ಇನ್ನ ನಾ ಯಾರ ಮನಿಗೂ ಹೋಗಿ ವರ ನೋಡಾಂವ ಅಲ್ಲ. ತಿಳೀತೇನು?”

“ತಿಳೀತಪ್ಪಾ” ಅಂದಳು. ಅಂದವಳು ಸೀದಾ ನನ್ನ ಹತ್ತಿರ ಬಂದು ತೊಡೆಯ ಮೇಲೆ ತಲೆ ಇಟ್ಟಳು.

“ಅಜ್ಜಿ, ಈ ಚಳಿಗಾಲಕ್ಕ ಹುಬ್ಬಳ್ಳಿ ಕಡೆ ಮಣ್ಣಿನ ಟ್ರ್ಯಾಕ್ ಮ್ಯಾಲೆ ರೇಸ್ ಐತಿ. ಹೆಸರು ಕೊಟ್ಟೇನಿ. ಮದವಿ ಆದ ಮ್ಯಾಲೆ ಸ್ಟೇರಿಂಗ್ ಬಿಡು ಅನ್ನೋ ಗಂಡ ಬಂದ್ರ ನಾ ಏನು ಮಾಡ್ಲಿ? ಕೇಳಲಾರದ ಹೆಂಗ ಗೊತ್ತಾಗಬೇಕು?”

“ಸೀದಾ ಕೇಳಿಬಿಡು. ರೇಸಿಗೆ ಬಿಡ್ತೀರೋ ಇಲ್ಲೋ ಅಂತ.”

“ಬಿಡ್ತೇನಿ ಅಂತ ಎಲ್ಲಾರೂ ಅಂತಾರ ಅಜ್ಜಿ. ಮದವಿಗಿಂತ ಮೊದಲ ಯಾರು ಇಲ್ಲ ಅಂತಾರ?”

ನಾನು ಅವಳ ತಲೆ ಸವರಿದೆ. ಈ ಮಾತಿಗೆ ಉತ್ತರ ಹೇಳುವ ಧೈರ್ಯ ನಿಮಗಾದರೂ ಇದೆಯೇ?

ಹೋದ ಭಾನುವಾರ ಬಂದರು. ವೀರೇಶ, ಅವನ ತಾಯಿ ಗಿರಿಜಕ್ಕ, ಡಂಬಳದಲ್ಲಿ ಹೊಲಮನಿ ಇರುವ ಸೋದರಮಾವ ಶಿವಣ್ಣ. ಶಿವಣ್ಣನವರ ಜೀಪಿನಲ್ಲೇ ಬಂದಿಳಿದರು. ಎರಿ ಹೊಲದ ಕಪ್ಪು ಕೆಸರಿಗೆ ಅಂತ ಅವರು ಸಾಕಿಕೊಂಡ, ನಾಲ್ಕೂ ಗಾಲಿ ಎಳೆಯುವ ಜೀಪು ಅದು. ನೀಲಾ ಅಡುಗೆಮನೆಯ ಕಿಟಕಿಯಿಂದ ಮೊದಲು ನೋಡಿದ್ದು ಜೀಪನ್ನು. ಆಮೇಲೆ ಹುಡುಗನನ್ನು. ಆಮೇಲೆ ಇನ್ನೊಂದು ಸಲ ಹುಡುಗನನ್ನು! ನನ್ನ ಕಣ್ಣಿಗೆ ಪೊರೆ ಬಂದಿರಬಹುದು, ಇದೆಲ್ಲ ಕಾಣುತ್ತದೆ.

ವೀರೇಶನಿಗೆ ಮುಂಡರಗಿಯಲ್ಲಿ ಸ್ವಂತ ಡ್ರೈವಿಂಗ್ ಸ್ಕೂಲು. ಇದನ್ನು ಕೇಳಿ ನನಗೆ ಜೀವ ಬಂತು. ಕಾರಿನ ಹುಡುಗಿಗೆ ಕಾರಿನ ಹುಡುಗ! ನನ್ನ ಸೊಸೆ ಸುಮಂಗಲಾ ಒಳಗೆ ದೇವರಿಗೆ ತುಪ್ಪದ ದೀಪ ಹಚ್ಚಿಯೇಬಿಟ್ಟಳು.

ನೀಲಾ ಇಳಕಲ್ ಸೀರೆ ಉಟ್ಟು ಉಪ್ಪಿಟ್ಟು, ಶಿರಾ ತಂದಿಟ್ಟಳು. ಬಂದವರ ಕಾಲಿಗೆ ನಮಸ್ಕಾರ ಮಾಡಿದಳು. ಹೆಸರು, ಓದು, ಅಡುಗೆ ಎಲ್ಲ ಕೇಳಿದರು, ಹೇಳಿದಳು. ಕಾರಿನ ಸುದ್ದಿ ಇಲ್ಲ. ಬಸವರಾಜನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಗಿರಿಜಕ್ಕ, ಎಲ್ಲ ಬೀಗರೂ ಕಡೆಗೆ ಕೇಳುವ ಮಾತನ್ನು ಕೇಳಿದರು.

“ನಮ್ಮ ಹುಡುಗನ್ನ ನೀ ಏನಾರ ಕೇಳೂದೈತೇನವಾ?”

ಇದು ಕೇಳುವ ಪದ್ಧತಿ ಅಷ್ಟೆ. ಹುಡುಗಿ ತಲೆ ತಗ್ಗಿಸಿ ಇಲ್ಲ ಅನ್ನುವುದೂ ಪದ್ಧತಿ. ನಮ್ಮ ನೀಲಾ ತಲೆ ತಗ್ಗಿಸಿದಳು. ನನ್ನ ಕಡೆ ನೋಡಿದಳು. ಅಪ್ಪನ ಕಡೆ ನೋಡಿದಳು. ಆಮೇಲೆ ತಲೆ ಎತ್ತಿದಳು. ಮುಗೀತು ಅಂದುಕೊಂಡೆ.

“ಆಲ್ ವ್ಹೀಲ್ ಡ್ರೈವ್ ಗಾಡಿ ಡ್ರಿಫ್ಟ್ ಆಗ್ತೈತೇನ್ರಿ?”

ಬಸವರಾಜ ಹಣೆ ಹಿಡಿದುಕೊಂಡ. ಶಿವಣ್ಣ ಖುಷಿಯಿಂದ ಬಾಯಿ ಹಾಕಿದರು.

“ಡ್ರಿಪ್ ಆಗೇತಲ್ಲವಾ! ಹೋದ ವರ್ಷನ ಮಾಡಿಸೇವಿ. ನಮ್ಮ ಹೊಲಕ್ಕೂ ಆಗೇತಿ, ಇವರ ಹೊಲಕ್ಕೂ ಆಗೇತಿ. ಮೆಣಸಿನಗಿಡ ಬಂದು ನೋಡು ಒಂದು ಸಲ, ಹೆಂಗದಾವ ಅಂತ!”

“ಚಲೋ ಆತು ಬಿಡ್ರಿ. ನೀರು ಉಳೀತೈತಿ” ಅಂತ ಬಸವರಾಜ ಜಲ್ದಿ ಜಲ್ದಿ ಸೇರಿಸಿದ. ಅವನಿಗೆ ಮಾತು ಆ ಕಡೆ ಹರಿದರೆ ಸಾಕಾಗಿತ್ತು. ಗಿರಿಜಕ್ಕನೂ ತಲೆ ಆಡಿಸಿದರು, ಹುಡುಗಿಗೆ ಒಕ್ಕಲುತನದ ಕಾಳಜಿ ಇದೆ ಅಂತ. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆಂದಿತ್ತು! ವೀರೇಶ ಬಾಯಿ ತೆರೆದ.

“ಮಾವಾ, ಅದು ಹೊಲಕ್ಕ ಹನಿ ನೀರು ಬಿಡೋ ಡ್ರಿಪ್ ಅಲ್ಲ. ಅವರು ಡ್ರಿಫ್ಟ್ ಕೇಳಾಕತ್ತಾರ.” ನೀಲಾಳ ಕಡೆ ತಿರುಗಿ, “ಆಗೂದಿಲ್ರಿ” ಅಂದ.

ನೀಲಾ ಕಿಟಕಿಯಿಂದ ಎರಡು ಸಲ ನೋಡಿದ ಹುಡುಗ, ಒಂದೇ ಮಾತಿನಲ್ಲಿ ಹೋದ.

“ಯಾಕ ಆಗೂದಿಲ್ಲ?”

“ಅಲ್ರಿ, ಡ್ರಿಫ್ಟ್ ಆಗಬೇಕಂದ್ರ ಹಿಂದಿನ ಗಾಲಿ ನೆಲ ಬಿಡಬೇಕು. ಇಲ್ಲಿ ಮುಂದಿನ ಗಾಲೀನೂ ಎಳೀತಾವ. ಗಾಡಿ ಮುಂದ ಮುಂದ ಹೋಗತೈತಿ, ಅಡ್ಡ ಯಾಕ ಬರ್ತೈತಿ? ಜಾರಬಾರದು ಅಂತನ ನಾಲ್ಕೂ ಗಾಲಿಗೆ ಪವರ್ ಕೊಟ್ಟಿರ್ತಾರ.”

“ಜಾರೂದಿಲ್ಲ, ಖರೆ. ಜಾರಸಬಹುದು.”

“ಜಾರೂದು, ಜಾರಸೂದು ಎಲ್ಲಾ ಒಂದ ಅಲ್ಲೇನ್ರಿ?”

ಇನ್ನು ನನಗೆ ತಡೆಯಲಿಲ್ಲ. “ಯಪ್ಪಾ, ನಗೂದು, ನಗಸೂದು ಒಂದೇನು? ಅಳೂದು, ಅಳಸೂದು ಒಂದೇನು? ತಾನ ಜಾರಿದ್ರ ಅದು ಕೆಸರಿನ ಗುಣ. ಜಾರಸಿದ್ರ ಕೈಗುಣ!”

“ಅವ್ವಾ!” ಅಂತ ಬಸವರಾಜ ಹಲ್ಲು ಕಚ್ಚಿದ. ಹೆತ್ತ ತಾಯಿಯೇ ಎದುರು ಪಾರ್ಟಿ ಸೇರಿದಳು ಅನ್ನುವ ಮುಖ ಅವನದು.

ವೀರೇಶ ಮಾತ್ರ ಸಿಟ್ಟಾಗಲಿಲ್ಲ. ನನ್ನ ಮಾತನ್ನು ಉಪ್ಪಿಟ್ಟಿನ ಜೊತೆ ಅಗಿದು ನುಂಗಿದ. ಆಮೇಲೆ, “ಹಂಗಾರ ತೋರಸ್ರಿ ನೋಡೋಣು” ಅಂದ.

“ಎಲ್ಲೆ? ಯಾವ ಗಾಡ್ಯಾಗ?”

ಎಲ್ಲರ ಕಣ್ಣೂ ಬಾಗಿಲಾಚೆಯ ಜೀಪಿನ ಮೇಲೆ ಹೋದವು. ಶಿವಣ್ಣ ತಾಟು ಎದೆಗೆ ಒತ್ತಿಕೊಂಡರು, ತಾಟೇ ಜೀಪು ಅನ್ನುವಂತೆ.

“ಅದು ಸ್ಪೋರ್ಟ್ಸ್ ಕಾರಲ್ರಿ” ಅಂದ ವೀರೇಶ.

“ಎರಿ ಮಣ್ಣಿಗೆ ಗಾಡಿ ರೇಟು ಗೊತ್ತಿರೂದಿಲ್ರಿ” ಅಂದಳು ನೀಲಾ.

ಬಸವರಾಜ ಎದ್ದು ನಿಂತ. ನೋಡಲು ಬಂದವರ ಮುಂದೆ ಹುಡುಗಿ ಗಾಡಿ ಓಡಿಸುವುದೆಂದರೇನು, ಜನ ಏನೆಂದಾರು, ಬ್ಯಾಡ್ರಿ, ನಮ್ಮ ಹುಡುಗಿಗೆ ಬುದ್ಧಿ ಇಲ್ಲ, ನೀವು ಚಹಾ ಕುಡೀರಿ, ಅಂದ. ಇದು ಸಿಟ್ಟಲ್ಲ, ಈ ಸಂಬಂಧವೂ ಹೋಯಿತು ಅನ್ನುವ ಸಂಕಟ. ಅದನ್ನು ತಪ್ಪಿಸಿದವರು ಗಿರಿಜಕ್ಕ. ಕುಂತಲ್ಲಿಂದಲೇ ಸೆರಗು ಸರಿ ಮಾಡಿಕೊಳ್ಳುತ್ತ ಅಂದರು, “ಕನ್ಯಾ ನೋಡಾಕ ಬಂದೇವಿ ಅಲ್ಲೇನ್ರಿ? ಪೂರಾ ನೋಡ್ಕೊಂಡ ಹೋಗೋಣು.”

ಈ ಬೀಗತಿಗೆ ನಾನು ಅಲ್ಲಿಯೇ ಮನಸ್ಸಿನಲ್ಲಿ ಒಂದು ಸೀರೆ ಎತ್ತಿಟ್ಟೆ.

ಆದರೆ ಮಾತು ಗಟ್ಟಿಯಾಗದ ಹುಡುಗ ಹುಡುಗಿಯನ್ನು ಇಬ್ಬರನ್ನೇ ಜೀಪಿನಲ್ಲಿ ಕಳಿಸುವುದುಂಟೇ? ಯಾರಾದರೂ ಹಿರಿಯರು ಜೊತೆಗಿರಬೇಕು. ಗಂಡಿನ ಕಡೆಯಿಂದ ಶಿವಣ್ಣ. (ಹುಡುಗನನ್ನು ಕಾಯಲಿಕ್ಕೆ ಅಲ್ಲ, ಜೀಪು ಕಾಯಲಿಕ್ಕೆ.) ಹೆಣ್ಣಿನ ಕಡೆಯಿಂದ ಯಾರು? ಬಸವರಾಜ ಬಾಯಿ ತೆರೆಯುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಅಡರಕಟ್ಟಿ ದಾರಿಯಲ್ಲಿ ನಮ್ಮದೊಂದು ಹೊಲ ಇದೆ. ಹೆಸರಿನ ಬೆಳೆ ಕಿತ್ತು ಖಾಲಿ ಬಿದ್ದಿತ್ತು, ಹಿಂಗಾರಿ ಬಿತ್ತನೆಗೆ ಇನ್ನೂ ಕುಂಟಿ ಹೊಡೆದು ಹದ ಮಾಡಿರಲಿಲ್ಲ. ಬೆಳಿಗ್ಗೆ ಒಂದು ಸಣ್ಣ ಮಳೆ ಬಿದ್ದು ಹೋಗಿತ್ತು. ಒಳಗೆ ನೆಲ ಗಟ್ಟಿ, ಮೇಲೆ ಬೆರಳಗಲ ಜಿಡ್ಡು. ನಮ್ಮ ಎರಿ ಮಣ್ಣು ನಿಮಗೆ ಗೊತ್ತಲ್ಲ? ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಬದುವಿನ ಮೇಲೆ ಬೇವಿನ ಮರ ಒಂದು ಬಿಟ್ಟರೆ ಅಡ್ಡ ಏನೂ ಇಲ್ಲ.

ನೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ತೆಗೆದು ಬರಿಗಾಲಲ್ಲಿ ಸ್ಟೇರಿಂಗ್ ಮುಂದೆ ಕುಳಿತಳು. ವೀರೇಶ ಪಕ್ಕದಲ್ಲಿ. ನಾನೂ ಶಿವಣ್ಣನೂ ಹಿಂದೆ.

“ಎಲ್ಲಾರೂ ಬೆಲ್ಟ್ ಹಾಕ್ಕೊಳ್ರಿ. ಅಜ್ಜಿ, ನೀನೂ” ಅಂದಳು. ಎಂಥ ಹುಕುಂ! ನನ್ನ ಬೆಲ್ಟು ಕ್ಲಿಕ್ಕೆನ್ನುವವರೆಗೆ ಗಾಡಿ ಎಬ್ಬಿಸಲಿಲ್ಲ.

ಗಾಡಿ ಹೊರಟ ಕೂಡಲೇ ಮುಂದಿನ ಸೀಟಿನಿಂದ ಟಪ್, ಟಪ್ ಸಪ್ಪಳ. ಇಣುಕಿ ನೋಡಿದರೆ ವೀರೇಶನ ಬಲಗಾಲು! ಗಾಡಿ ಸ್ವಲ್ಪ ಜೋರಾದರೆ ಸಾಕು, ಕಾಲು ತಾನಾಗಿ ಎದ್ದು ನೆಲಕ್ಕೆ ಒತ್ತುತ್ತಿತ್ತು. ಅಲ್ಲಿ ರಬ್ಬರ್ ಮ್ಯಾಟು ಬಿಟ್ಟರೆ ಏನೂ ಇಲ್ಲ.

“ಅದೇನಪಾ, ಇರುವಿ ತುಳಿಯಾಕತ್ತೀ ಏನು?” ಅಂದೆ.

ಅವನಿಗೆ ನಾಚಿಕೆಯಾಯಿತು. “ಅಭ್ಯಾಸರೀ ಅಜ್ಜಿ. ನಮ್ಮ ಸ್ಕೂಲ್ ಗಾಡ್ಯಾಗ ಈ ಕಡೀನೂ ಒಂದು ಬ್ರೇಕ್ ಇರ್ತೈತಿ. ಕಲಿಯೋರು ಗಾಬರಿ ಆದ್ರ ನಾವು ಒತ್ತಬೇಕು.”

“ಇಲ್ಲಿ ಇಲ್ಲ” ಅಂದಳು ನೀಲಾ, ರಸ್ತೆಯಿಂದ ಕಣ್ಣು ತೆಗೆಯದೆ.

ಹೊಲದಲ್ಲಿ ಮೊದಲನೆಯ ಸಲ. ಜೀಪು ಜೋರಾಗಿ ಹೋಯಿತು, ನೀಲಾ ಸ್ಟೇರಿಂಗ್ ತಿರುಗಿಸಿದಳು. ಜೀಪು ತಿರುಗಲೇ ಇಲ್ಲ! ಗಾಲಿ ತಿರುಗಿವೆ, ಗಾಡಿ ಮಾತ್ರ ನೆಟ್ಟಗೆ ಬದುವಿನ ಕಡೆ ಹೊರಟಿದೆ. ಟಪ್ ಟಪ್ ಟಪ್ ಅಂತ ವೀರೇಶನ ಕಾಲು. “ಜೀಪು! ಜೀಪು!” ಅಂತ ಶಿವಣ್ಣ. (ನಾವು ಮೂವರು ಒಳಗಿದ್ದೇವೆ ಅನ್ನುವುದು ಅವರಿಗೆ ಮರೆತಿತ್ತು.) ಬದುವಿಗೆ ಇನ್ನೂ ಒಂದು ಎತ್ತಿನಗಾಡಿಯಷ್ಟು ಜಾಗ ಇರುವಾಗಲೇ ಗಾಡಿ ನಿಂತಿತು.

ಶಿವಣ್ಣ ಇಣುಕಿ ಬದುವಿನ ದೂರ ಅಳೆದರು. ಆಮೇಲೆ ವೀರೇಶ ಮೆಲ್ಲಗೆ ಅಂದ, “ನಾ ಹೇಳಿದ್ನೆಲ್ರಿ? ನೆಟ್ಟಗ ಹೋಗತೈತಿ.”

ನೀಲಾಳ ಮುಖ ನನಗೆ ಕನ್ನಡಿಯಲ್ಲಿ ಕಂಡಿತು. ಕಣ್ಣಲ್ಲಿ ನೀರು ಬರಲಿಲ್ಲ, ಬರುವುದೊಂದೇ ಬಾಕಿ.  ಇವಳು ಸೋತರೆ ಸೋತಳು ಬಿಡಿ, ಗಾಡಿ ಇವತ್ತಲ್ಲ ನಾಳೆ ಜಾರುತ್ತದೆ. ಆದರೆ ಇದೇ ಮಾತನ್ನು ಹಿಡಿದು ಈ ಹುಡುಗ, ನೋಡ್ರಿ, ಇದೆಲ್ಲ ನಿಮಗ್ಯಾಕ, ಅಂದುಬಿಟ್ಟರೆ? ಅದೊಂದು ಮಾತು ಬೀಳದಿರಲಿ ಅಂತ ಬೇವಿನ ಮರಕ್ಕೇ ಕೈ ಮುಗಿದೆ.

“ನಿಮ್ಮ ಕಾಲು ನೋಡಿ ನಾನೂ ಕಾಲು ತಗದೆ” ಅಂದಳು ನೀಲಾ. “ತಿರುವಿನ್ಯಾಗ ಎಕ್ಸಲೇಟರ್ ಒತ್ತಬೇಕಿತ್ತು. ನಿಮ್ಮ ಕಾಲು ಬ್ರೇಕ್ ಬ್ರೇಕ್ ಅಂದ್ರ, ನನ್ನ ಕಾಲು ಹೆಂಗ ಒತ್ತಬೇಕು?”

ಎಲಾ ಇವಳ! ಅಂದದ್ದು ಖರೆ. ಆದರೆ ಯಾವ ಗಂಡಸಿಗೆ ಅನ್ನಬೇಕಾದ ಮಾತು ಇದು? ಊರೆಲ್ಲಕ್ಕೂ ಡ್ರೈವಿಂಗ್ ಕಲಿಸುವವನಿಗೆ, ನಿನ್ನಿಂದಲೇ ನನ್ನ ಡ್ರೈವಿಂಗ್ ಕೆಟ್ಟಿತು ಅಂತ!

ವೀರೇಶ ತನ್ನ ಕಾಲನ್ನು ನೋಡಿಕೊಂಡ. ಅದು ತನ್ನದೋ ಬೇರೆಯವರದೋ ಅನ್ನುವಂತೆ ನೋಡಿದ. ಆಮೇಲೆ ಬಗ್ಗಿ ಬೂಟು ಕಳಚಿದ. ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡು, ಊಟಕ್ಕೆ ಕುಳಿತವರಂತೆ ಚಕ್ಕಳಮಕ್ಕಳ ಹಾಕಿ ಕುಳಿತ. ಬೆಲ್ಟು ಎಳೆದು ಸರಿ ಮಾಡಿಕೊಂಡ.

“ಈಗ ಓಡಸ್ರಿ.”

ಓದುಗರೇ, ನಾನು ತಾಳಿ ಕಟ್ಟುವುದನ್ನು ಎಷ್ಟೋ ನೋಡಿದ್ದೇನೆ. ಇಷ್ಟು ಚೆಂದದ್ದು ನೋಡಿರಲಿಲ್ಲ.

ಎರಡನೆಯ ಸಲ. ನೀಲಾ ಎಡಕ್ಕೆ ಹೋಗಬೇಕಾದವಳು ಮೊದಲು ಬಲಕ್ಕೆ ಒಂದು ಸಣ್ಣ ಝೋಕು ಕೊಟ್ಟಳು. ಗಾಡಿ ಆ ಕಡೆ ವಾಲಿತು. ವಾಲಿದ ಗಾಡಿಯನ್ನು ಫಟ್ಟನೆ ಎಡಕ್ಕೆ ಎಳೆದಳು, ಕಾಲು ಒತ್ತಿದಳು. ನನ್ನ ಸೀಟಿನ ಅಡಿಯಲ್ಲಿ ಜೀಪಿನ ಹಿಂಭಾಗ ನೆಲ ಬಿಟ್ಟು ಸುಯ್ಯೆಂದು ಹೊರಟಿತು! ಎದುರಿನ ಗಾಜಿನಲ್ಲಿದ್ದ ಬೇವಿನ ಮರ ಪಕ್ಕದ ಕಿಟಕಿಗೆ ಬಂತು. ನೀಲಾ ಸ್ಟೇರಿಂಗನ್ನು ತಿರುಗಬೇಕಾದ ಕಡೆಗಲ್ಲದೆ ಉಲ್ಟಾ ಕಡೆ ಹಿಡಿದಿದ್ದಾಳೆ, ಗಾಡಿ ಮಾತ್ರ ಅವಳು ಅಂದ ಕಡೆಗೇ ಬರುತ್ತಿದೆ, ನಾಲ್ಕೂ ಗಾಲಿ ಕೆಸರು ಹಾರಿಸುತ್ತಿವೆ, ಹೊಲವೆಲ್ಲ ನಮ್ಮ ಸುತ್ತ ಬೀಸುವ ಕಲ್ಲಿನಂತೆ ತಿರುಗುತ್ತಿದೆ. “ಹೋ... ಹೋ... ಹೋ” ಅಂತ ಯಾರೋ ಕೂಗುತ್ತಿದ್ದರು. ಆಮೇಲೆ ಗೊತ್ತಾಯಿತು, ಅದು ನಾನು.

ದೊಡ್ಡದೊಂದು ಸುತ್ತು ಬರೆದು ಜೀಪು ನಿಂತಿತು. ಶಿವಣ್ಣನ ಟೋಪಿ ನನ್ನ ಉಡಿಯಲ್ಲಿ ಬಿದ್ದಿತ್ತು. ಅವರು ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಕೇಳಿದರು, “ಎವ್ವಾ, ಇದಕ್ಕೂ ಸಬ್ಸಿಡಿ ಐತೇನು?”

ನಾವೆಲ್ಲ ನಕ್ಕೆವು. ವೀರೇಶ ನಗಲಿಲ್ಲ. ಚಕ್ಕಳಮಕ್ಕಳ ಬಿಚ್ಚದೆಯೇ ಕುಳಿತು ಯೋಚಿಸುತ್ತಿದ್ದ.

“ಜೀಪು ಜಾರಿಸಿದ್ರಿ, ಖರೆ” ಅಂದ. “ಆದ್ರ ಇದು ಕೆಸರು. ಡಾಂಬರಿನ ಮ್ಯಾಲೆ ನಾ ಒಪ್ಪೂದಿಲ್ಲ.”

“ಡಾಂಬರಿನ ಮ್ಯಾಲೆ ಕಷ್ಟ ಐತಿ, ನಾನೂ ಒಪ್ತೇನಿ. ಭಾಳ ಪವರ್ ಬೇಕು. ಅದಕ್ಕ ಕೆಲವು ಸ್ಪೋರ್ಟ್ಸ್ ಕಾರಿನ್ಯಾಗ ಒಂದು ಬಟನ್ ಇರ್ತೈತ್ರಿ. ಒತ್ತಿದ್ರ ಪವರ್ ಹೆಚ್ಚುಕಡಿಮಿ ಎಲ್ಲಾ ಹಿಂದಿನ ಗಾಲಿಗೇ ಹೋಗತೈತಿ. ಆರಾಮ ಡ್ರಿಫ್ಟ್ ಆಗ್ತೈತಿ.”

“ಹಂಗಾರ” ಅಂದ ವೀರೇಶ, “ಪವರ್ ಎಲ್ಲಾ ಹಿಂದಕ್ಕ ಕೊಟ್ಟ ಮ್ಯಾಲೆ ಅದು ಆಲ್ ವ್ಹೀಲ್ ಡ್ರೈವ್ ಹೆಂಗ ಆತ್ರಿ?”

ನೀಲಾ ಬಾಯಿ ತೆರೆದಳು. ಮುಚ್ಚಿದಳು. ಹುಟ್ಟಿದಾಗಿನಿಂದ ಈ ಹುಡುಗಿ ಬಾಯಿ ತೆರೆದು ಹಾಗೇ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅಲ್ಲ... ಹೌದಲ್ಲ” ಅಂದಳು. “ಇದನ್ನ ನಾ ವಿಚಾರ ಮಾಡಿರಲಿಲ್ಲ.”

“ನೀವು ಎಲ್ಲಿ ಕಲತ್ರಿ ಇದನ್ನ?”

ಕೇಳಿಯೇಬಿಟ್ಟ. ನೀಲಾ ಎಲ್ಲ ಹೇಳಿದಳು. ಸರ್ವಿಸ್ ಸೆಂಟರಿನ ಗೆಳತಿಯರು, ಹುಬ್ಬಳ್ಳಿಯ ಮಣ್ಣಿನ ಟ್ರ್ಯಾಕು, ರೇಸಿಗೆ ಕೊಟ್ಟ ಹೆಸರು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ನಾನು ಶಿವಣ್ಣನ ಟೋಪಿಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದೆ.

“ರೇಸಿನ ಗಾಡ್ಯಾಗ ಬಾಜೂಕ ಒಬ್ಬರು ಕುಂತಿರ್ತಾರಲ್ರಿ?” ಅಂದ ವೀರೇಶ. “ಅವರದೇನು ಕೆಲಸ?”

“ಅದು ರ‍್ಯಾಲಿಯೊಳಗ. ಮುಂದ ಎಂಥಾ ತಿರುವು ಬರ್ತೈತಿ ಅಂತ ಓದಿ ಹೇಳೂದು.”

“ಬ್ರೇಕ್?”

“ಅವರ ಕಡೆ ಇರೂದಿಲ್ಲ.”

ಅವನು ತನ್ನ ಮಡಚಿದ ಕಾಲಿನ ಮೇಲೆ ಕೈ ಇಟ್ಟುಕೊಂಡ. “ಕಲೀತೇನಿ” ಅಂದ.

ನೋಡಿ, ಬಿಡ್ತೇನಿ ಅನ್ನಲಿಲ್ಲ. ಬಿಡಲಿಕ್ಕೆ ಅವಳೇನು ಕಟ್ಟಿಹಾಕಿದ ಆಕಳೇ? ಕಲೀತೇನಿ ಅಂದ. ಜಗತ್ತಿಗೆಲ್ಲ ಕಲಿಸುವ ಮಾಸ್ತರ!

ನಮ್ಮ ಸುತ್ತ ಎಷ್ಟು ಜನ ಹೀಗೆ ಕುಳಿತಿದ್ದಾರೆ ಅಂತ ಆವಾಗಿನಿಂದ ನೋಡುತ್ತಿದ್ದೇನೆ. ಹೆಂಡತಿ ಸ್ಕೂಟಿ ಓಡಿಸಿದರೆ ಹಿಂದೆ ಕುಳಿತು ಎರಡೂ ಕಾಲು ರಸ್ತೆಗೆ ಚಾಚುವ ಗಂಡ. ಮಗ ಅಂಗಡಿ ನೋಡಿಕೊಂಡರೆ ಕಟ್ಟೆಯ ಮೇಲಿಂದ ಕೆಮ್ಮುವ ಅಪ್ಪ. ಮಗಳು ರೊಟ್ಟಿ ಬಡಿದರೆ ಪಕ್ಕದಲ್ಲಿ ನಿಂತು ತಾನೂ ಕೈ ಆಡಿಸುವ ತಾಯಿ. ಎಲ್ಲರೂ ಪ್ರೀತಿಯಿಂದಲೇ ಒತ್ತುತ್ತಾರೆ. ಒತ್ತಿದ ಕಡೆ ಬ್ರೇಕು ಇಲ್ಲ, ಆದರೂ ಓಡಿಸುವವರ ಕಾಲು ನಡುಗುತ್ತದೆ. ಅಲ್ಲವೇ?

ಮನೆಗೆ ಬಂದೆವು. ಜೀಪಿನ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ನನ್ನ ಸೀರೆಯದೂ. ಬಾಗಿಲಲ್ಲಿ ಬಸವರಾಜ ಕಂಬದಂತೆ ನಿಂತಿದ್ದ.

“ಏನಾತವಾ?” ಅಂತ ಗಿರಿಜಕ್ಕ ಕೇಳಿದರು.

“ಹೂಂ” ಅಂದಳು ನೀಲಾ.

ಬಸವರಾಜನಿಗೆ ಹೊಳೆಯಲಿಲ್ಲ. “ಹೂಂ ಅಂದ್ರ? ಗಾಡಿ ಜಾರಿತು ಅಂತ ಹೂಂ ಏನು, ಹುಡುಗ ಹೂಂ ಏನು?”

“ಎರಡಕ್ಕೂ, ಅಪ್ಪಾ.”

“ಗಾಡೀದು ಪೂರಾ ಅಲ್ರಿ ಮಾವಾ, ಕೆಸರಿಗಷ್ಟ” ಅಂದ ವೀರೇಶ. ನನ್ನ ಮಗನಿಗೆ ಮಾವಾ ಅಂದ! ಕೇಳಿಸಿತೇ ನಿಮಗೆ? ಬಸವರಾಜ ಸರ್ರನೆ ಒಳಗೆ ಹೋದ. ದೇವರ ಮನೆಗೆ ಅಂದುಕೊಂಡರು ಎಲ್ಲರೂ. ನಾನು ಹಿಂದೆ ಹೋಗಿ ನೋಡಿದೆ. ಹಿತ್ತಲಲ್ಲಿ ನಿಂತು ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

ನಮ್ಮ ಕಡೆ ಮಾತು ಗಟ್ಟಿಯಾಗದೆ ಗಂಡಿನವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಚಹಾ, ಉಪ್ಪಿಟ್ಟು, ಶಿರಾ, ಅಲ್ಲಿಗೆ ನಿಲ್ಲಬೇಕು. ಆ ಸಂಜೆ ಸುಮಂಗಲಾ ಒಲೆಯ ಮೇಲೆ ಗೋಧಿ ಹುಗ್ಗಿ ಇಟ್ಟಳು. ಬದನೆಕಾಯಿ ಎಣ್ಣೆಗಾಯ್ ಆಯಿತು, ರೊಟ್ಟಿಯ ಸಪ್ಪಳ ಓಣಿಗೆಲ್ಲ ಕೇಳಿತು. ಗಿರಿಜಕ್ಕ ತಡೆಯಲಾರದೆ ತಾವೇ ಹೋಗಿ ಹಿಟ್ಟು ನಾದಿದರು. ಪಡಸಾಲೆಯಲ್ಲಿ ಜಮಖಾನ ಹಾಸಿ ಎಲ್ಲರೂ ಒಂದೇ ಪಂಕ್ತಿಗೆ ಕುಳಿತೆವು. ಕೆಸರು ತೊಳೆದರೂ ಶಿವಣ್ಣನ ಕಿವಿಯ ಹಿಂದೆ ಸ್ವಲ್ಪ ಉಳಿದಿತ್ತು. ಅವರು ಹುಗ್ಗಿಗೆ ತುಪ್ಪ ಸುರಿಸಿಕೊಳ್ಳುತ್ತ, ಮದುವೆಯ ಮೆರವಣಿಗೆ ಜೀಪಿನಲ್ಲೇ ಆಗಲಿ, ಆದರೆ ಓಡಿಸುವವನು ನಾನು, ಅಂತ ಈಗಲೇ ಕರಾರು ಹಾಕಿದರು. ಬಸವರಾಜ ಅಳಿಯನ ತಾಟಿಗೆ ರೊಟ್ಟಿಯ ಮೇಲೆ ರೊಟ್ಟಿ ಬಡಿಸುತ್ತಿದ್ದ. ಅಳಿಯನಿಗೆ ತಾಟು ನೋಡಲು ಪುರಸೊತ್ತಿಲ್ಲ.

“ಅಲ್ರಿ, ಆ ಬಟನ್ ಒತ್ತಿದ ಮ್ಯಾಲೆ ಮುಂದಿನ ಗಾಲಿಗೆ ಸ್ವಲ್ಪನಾದ್ರೂ ಪವರ್ ಇರ್ತೈತೋ, ಪೂರಾ ಬಂದ್ ಆಗ್ತೈತೋ?”

“ಸ್ವಲ್ಪ ಇರ್ತೈತಿ ಅಂತೇನಿ. ಸ್ವಲ್ಪ ಇದ್ರೂ ಅದು ಆಲ್ ವ್ಹೀಲ್ ಡ್ರೈವ್!”

“ಎಷ್ಟು ಸ್ವಲ್ಪ?”

“ಹುಗ್ಗಿ ಆರಾಕತ್ತೇತಿ, ಮೊದಲ ಉಣ್ರಿ!”

ಸುಮಂಗಲಾ ನನ್ನ ಕಿವಿಯಲ್ಲಿ, “ಅತ್ತಿ, ಈ ಜಗಳ ಮುಗಿಯೂದ ಯಾವಾಗ?” ಅಂದಳು.

ಅದು ಮುಗಿಯದೇ ಇರಲಿ ಅಂತಲೇ ಅಲ್ಲವೇ ನಾವು ಅಕ್ಷತೆ ಹಾಕಲು ಹೊರಟಿರುವುದು?